ಜೇನ್ ಐರ್ ಬಂಗಲೆ ಬಿಟ್ಟು ಹೊರಟ ಮೇಲೆ: ಒಂದು ಕಾದಂಬರಿ, ಹಲವು ತೆರೆಗಳು

ಶಾರ್ಲಟ್ ಬ್ರಾಂಟೆಯ ‘ಜೇನ್ ಐರ್’ 1847ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಬಂತು. ಪುಸ್ತಕದ ಮೇಲೆ ಇದ್ದದ್ದು ಅವರ ಹೆಸರಲ್ಲ. ಗಂಡೋ ಹೆಣ್ಣೋ ಗೊತ್ತಾಗದ ‘ಕರರ್ ಬೆಲ್’ ಎಂಬ ಹೆಸರು. ಮೂಕಿ ಚಿತ್ರಗಳ ಕಾಲದಿಂದಲೂ ಸಿನಿಮಾದವರು ಈ ಪುಸ್ತಕದ ಬೆನ್ನು ಬಿಟ್ಟಿಲ್ಲ. ಹಾಲಿವುಡ್ ಮಾಡಿತು, ಬಿಬಿಸಿ ಮತ್ತೆ ಮತ್ತೆ ಮಾಡಿತು, ಮುಂಬೈ ಮದ್ರಾಸಿನವರೂ ಕೈಹಾಕಿದರು. ಇಷ್ಟೊಂದು ಇರುವಾಗ ಯಾವುದನ್ನು ನೋಡಬೇಕು ಎಂಬ ಜಗಳ ಅಭಿಮಾನಿಗಳ ನಡುವೆ ಮುಗಿಯುವುದೇ ಇಲ್ಲ. ಆ ಜಗಳವೂ ಹೆಚ್ಚಾಗಿ ನಾಯಕನ ಸುತ್ತಲೇ: ಯಾರ ರೋಚೆಸ್ಟರ್ ಚೆನ್ನ? ನನಗೆ ಅಳತೆಗೋಲೇ ತಪ್ಪು ಅನ್ನಿಸುತ್ತದೆ. ಜೇನ್ ಅವನ ಬಂಗಲೆ ಬಿಟ್ಟು ಹೊರಟ ಮೇಲೆ ಸಿನಿಮಾ ಏನು ಮಾಡುತ್ತದೆ, ಅಟ್ಟದಲ್ಲಿ ಕೂಡಿಟ್ಟ ಹೆಂಗಸನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಗಮನಿಸಿದರೆ ಆ ಸಿನಿಮಾದ ಯೋಗ್ಯತೆ ತಾನಾಗಿ ತಿಳಿಯುತ್ತದೆ.

ಕಥೆ ಗೊತ್ತಿಲ್ಲದವರಿಗೆ, ಗುಟ್ಟಿನ ಸಮೇತ, ಇಷ್ಟು. ತಬ್ಬಲಿ ಜೇನ್ ಗೇಟ್ಸ್‌ಹೆಡ್‌ನಲ್ಲಿ ಅತ್ತೆಯ ಹಂಗಿನಲ್ಲಿ ಬೆಳೆಯುತ್ತಾಳೆ. ಎದುರು ಮಾತಾಡಿದಳೆಂದು ಲೋವುಡ್ ಎಂಬ ಧರ್ಮದ ಶಾಲೆಗೆ ತಳ್ಳಲ್ಪಡುತ್ತಾಳೆ. ಅರೆಹೊಟ್ಟೆ, ಚಳಿ, ಜ್ವರದ ಆ ಶಾಲೆಯಲ್ಲಿ ಅವಳ ಗೆಳತಿ ಹೆಲೆನ್ ಬರ್ನ್ಸ್ ಸಾಯುತ್ತಾಳೆ. ಹದಿನೆಂಟಕ್ಕೆ ಥಾರ್ನ್‌ಫೀಲ್ಡ್ ಎಂಬ ಬಂಗಲೆಗೆ ವರ್ಷಕ್ಕೆ 30 ಪೌಂಡ್ ಸಂಬಳದ ಮೇಲೆ ಗವರ್ನೆಸ್ ಆಗಿ, ಅಂದರೆ ಮನೆಯಲ್ಲೇ ಇದ್ದು ಮಗುವಿಗೆ ಪಾಠ ಹೇಳುವವಳಾಗಿ, ಹೋಗುತ್ತಾಳೆ. ಯಜಮಾನ ರೋಚೆಸ್ಟರ್ ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು. ನಡುರಾತ್ರಿ ಮೇಲಿನ ಅಂತಸ್ತಿನಿಂದ ನಗು ಕೇಳುತ್ತದೆ, ಹಾಸಿಗೆಗೆ ಬೆಂಕಿ ಬೀಳುತ್ತದೆ. ಇಬ್ಬರೂ ಪ್ರೀತಿಸುತ್ತಾರೆ. ಚರ್ಚಿನಲ್ಲಿ ಮದುವೆ ನಡೆಯುವ ಹೊತ್ತಿಗೆ ವಕೀಲನೊಬ್ಬ ಎದ್ದು, ಈತನ ಹೆಂಡತಿ ಬದುಕಿದ್ದಾಳೆ ಎನ್ನುತ್ತಾನೆ. ಮತಿಗೆಟ್ಟ ಬರ್ಥಾಳನ್ನು ವರ್ಷಗಟ್ಟಲೆ ಅದೇ ಮನೆಯ ಮೇಲೆ ಬೀಗ ಹಾಕಿ ಇಟ್ಟಿದ್ದಾನೆ. ಜೇನ್ ಬೆಳಗಾಗುವ ಮುನ್ನ ಮನೆ ಬಿಡುತ್ತಾಳೆ, ಹಸಿದು ಬೀದಿಪಾಲಾಗುತ್ತಾಳೆ, ಸೇಂಟ್ ಜಾನ್ ರಿವರ್ಸ್ ಎಂಬ ಪಾದ್ರಿಯ ಮನೆಯಲ್ಲಿ ಆಸರೆ ಸಿಗುತ್ತದೆ. ಆಮೇಲೆ ಚಿಕ್ಕಪ್ಪನ ಆಸ್ತಿ, ಪಾದ್ರಿಯ ಮದುವೆ ಪ್ರಸ್ತಾಪ, ಅದಕ್ಕೆ ಅವಳ ನಿರಾಕರಣೆ, ಕೊನೆಗೆ, ಬರ್ಥಾ ಹಚ್ಚಿದ ಬೆಂಕಿಯಲ್ಲಿ ಮನೆ ಸುಟ್ಟು, ಅವಳೂ ಸತ್ತು, ಕುರುಡನಾದ ರೋಚೆಸ್ಟರ್ ಬಳಿಗೆ ವಾಪಸು.

ಹಳೇ ಬಂಗಲೆ, ಬೀಗದ ಕೋಣೆ, ಬಿರುಗಾಳಿ, ಬೆಂಕಿ, ಯಾರದೋ ನಗು: ಗಾಥಿಕ್ ಕಥೆಯ ಸಾಮಗ್ರಿಯೆಲ್ಲ ಇಲ್ಲಿದೆ. ನಮ್ಮ ಭೂತಬಂಗಲೆ ಸಿನಿಮಾಗಳಲ್ಲಿ ಬಿಳಿ ಸೀರೆಯುಟ್ಟು ಮೋಂಬತ್ತಿ ಹಿಡಿದು ಓಡಾಡುವವಳ ದೂರದ ಅಕ್ಕಂದಿರಲ್ಲಿ ಬರ್ಥಾಳೂ ಒಬ್ಬಳು. ಆದರೆ ಬ್ರಾಂಟೆ ಈ ಸಾಮಗ್ರಿಯನ್ನು ಹೆದರಿಸಲೆಂದು ತಂದವರಲ್ಲ. ದುಡ್ಡಿಲ್ಲದ, ರೂಪವಿಲ್ಲದ, ದಿಕ್ಕಿಲ್ಲದ ಹುಡುಗಿಯೊಬ್ಬಳು ಎಲ್ಲಿಯವರೆಗೆ ಬಗ್ಗುತ್ತಾಳೆ, ಎಲ್ಲಿ ‘ಇಲ್ಲ’ ಎನ್ನುತ್ತಾಳೆ ಎಂಬುದೇ ಅವರ ವಿಷಯ. ಜೇನ್ ಮೂರು ಸಲ ಹಾಗೆ ಹೇಳುತ್ತಾಳೆ: ಹತ್ತು ವರ್ಷದವಳಿದ್ದಾಗ ಅತ್ತೆಗೆ, ಆಮೇಲೆ ರೋಚೆಸ್ಟರ್‌ಗೆ, ಕೊನೆಗೆ ಸೇಂಟ್ ಜಾನ್‌ಗೆ. ಸಿನಿಮಾದವರಿಗೆ ಎರಡನೆಯದು ಇಷ್ಟ, ಮೊದಲನೆಯದು ಚೂರು ಬೇಕು, ಮೂರನೆಯದು ಭಾರ.

ಭಾರ ಯಾಕೆಂದರೆ ಪುಸ್ತಕದ ಉದ್ದ. ಒಟ್ಟು 38 ಅಧ್ಯಾಯ. ಮೊದಲ ಹತ್ತು ಬಾಲ್ಯಕ್ಕೆ ಮತ್ತು ಶಾಲೆಗೆ, 11ರಿಂದ 27ರವರೆಗೆ ಥಾರ್ನ್‌ಫೀಲ್ಡಿಗೆ, 28ರಿಂದ 35ರವರೆಗೆ ರಿವರ್ಸ್ ಮನೆಗೆ, ಉಳಿದ ಮೂರು ಮರಳುವುದಕ್ಕೆ. ಅಂದರೆ ಅಧ್ಯಾಯಗಳ ಲೆಕ್ಕದಲ್ಲಿ ಥಾರ್ನ್‌ಫೀಲ್ಡಿನ ಪ್ರೇಮಕಥೆ ಪುಸ್ತಕದ ಅರ್ಧಕ್ಕಿಂತ ಕಮ್ಮಿ. ಎರಡು ಗಂಟೆಯ ಸಿನಿಮಾ ಮಾಡುವವನ ಕತ್ತರಿ ಮೊದಲು ಹೋಗುವುದು ಆ ಎಂಟು ಅಧ್ಯಾಯಗಳ ಮೇಲೆ. 1934ರ ಮೊದಲ ಮಾತಿನ ಚಿತ್ರ ಸುಮಾರು ಒಂದು ಗಂಟೆಯದು. ಅದರಲ್ಲಿ ಪುಸ್ತಕ ಹುಡುಕುವುದೇ ವ್ಯರ್ಥ. ಜೇನ್ ಪಾಠ ಹೇಳುವ, ಫ್ರೆಂಚ್ ನರ್ತಕಿಯ ಮಗಳಾದ ಅಡೆಲ್ ಅಲ್ಲಿ ರೋಚೆಸ್ಟರ್‌ನ ಅಣ್ಣನ ಮಗಳೋ ತಂಗಿಯ ಮಗಳೋ ಆಗಿ ಮಡಿ ಉಟ್ಟುಬಿಡುತ್ತಾಳೆ.

ಕತ್ತರಿಯ ನಿಜವಾದ ಕಲೆ ಕಾಣುವುದು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ 1943ರ ಚಿತ್ರದಲ್ಲಿ. ನಿರ್ದೇಶನ ರಾಬರ್ಟ್ ಸ್ಟೀವನ್ಸನ್. ಚಿತ್ರಕಥೆಯಲ್ಲಿ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಕೈ ಇದೆ. ಸಂಗೀತ ಬರ್ನಾರ್ಡ್ ಹರ್ಮನ್. ರೋಚೆಸ್ಟರ್ ಆಗಿ ಆರ್ಸನ್ ವೆಲ್ಸ್, ಜೇನ್ ಆಗಿ ಜೋನ್ ಫಾಂಟೇನ್. ಹೆಲೆನ್ ಬರ್ನ್ಸ್ ಪಾತ್ರದ ಪುಟ್ಟ ಹುಡುಗಿಯ ಹೆಸರು ಪಟ್ಟಿಯಲ್ಲಿಲ್ಲ, ಆದರೆ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ: ಎಲಿಜಬೆತ್ ಟೇಲರ್. ಚಿತ್ರ ಶುರುವಾಗುವುದು ಪುಸ್ತಕದ ಪುಟ ತೆರೆಯುವುದರಿಂದ. ನನ್ನ ಹೆಸರು ಜೇನ್ ಐರ್, ನಾನು ಹುಟ್ಟಿದ್ದು 1820ರಲ್ಲಿ ಎಂದು ಅಚ್ಚಿನ ಸಾಲುಗಳು ತೆರೆ ತುಂಬುತ್ತವೆ, ಫಾಂಟೇನ್ ದನಿ ಅವನ್ನು ಓದುತ್ತದೆ. ತಮಾಷೆಯೆಂದರೆ ಆ ಸಾಲುಗಳು ಬ್ರಾಂಟೆಯವಲ್ಲ. ಪುಸ್ತಕ ಶುರುವಾಗುವುದು ಆ ದಿನ ತಿರುಗಾಡಲು ಹೋಗುವಂತೆಯೇ ಇರಲಿಲ್ಲ ಎಂಬ ಸೀದಾ ಮಾತಿನಿಂದ. ಪುಸ್ತಕಕ್ಕೆ ನಿಷ್ಠರಾಗಿದ್ದೇವೆ ಎಂದು ತೋರಿಸಲು ಪುಸ್ತಕವನ್ನೇ ಹೊಸದಾಗಿ ಬರೆದುಬಿಟ್ಟರು!

ಅಲ್ಲಿ ಸೇಂಟ್ ಜಾನ್ ಲೋವುಡ್ ಶಾಲೆಗೆ ಬರುವ ದಯಾಳು ವೈದ್ಯ ರಿವರ್ಸ್ ಆಗಿದ್ದಾನೆ. ಮದುವೆ ಮುರಿದ ಮೇಲೆ ಜೇನ್ ಹೋಗುವುದು ಗೇಟ್ಸ್‌ಹೆಡ್‌ಗೆ, ಅದೇ ಅತ್ತೆಯ ಮನೆಗೆ. ಹಸಿವಿನ ಅಲೆದಾಟ, ಹೊಸ ಮನೆ, ಹಳ್ಳಿಶಾಲೆಯ ಟೀಚರ್ ಕೆಲಸ, ಎರಡನೇ ಮದುವೆ ಪ್ರಸ್ತಾಪ ಯಾವುದೂ ಇಲ್ಲ. ಹೀಗಾಗಿ ಅವಳು ರೋಚೆಸ್ಟರ್ ಬಳಿಗೆ ಮರಳುವುದು ಬೇರೆ ದಾರಿಯೇ ಇಲ್ಲದವಳಂತೆ ಕಾಣುತ್ತದೆ. ಕಾದಂಬರಿಯ ಜೇನ್‌ಗೆ ದಾರಿ ಇತ್ತು. ಮಡೀರಾದ ಚಿಕ್ಕಪ್ಪ ಬಿಟ್ಟುಹೋದ 20,000 ಪೌಂಡನ್ನು ನಾಲ್ಕು ಪಾಲು ಮಾಡಿ, ರಿವರ್ಸ್ ಅಣ್ಣ ತಂಗಿಯರಿಗೆ ಕೊಟ್ಟು, ತನಗೆ 5,000 ಇಟ್ಟುಕೊಂಡವಳು ಅವಳು. ವರ್ಷಕ್ಕೆ 30 ಪೌಂಡ್ ಸಂಬಳದವಳು ಹೋಗಿ, ತನ್ನ ಕಾಲ ಮೇಲೆ ನಿಂತವಳು ಬಂದಿದ್ದಾಳೆ. ಈ ಲೆಕ್ಕ ಬಿಟ್ಟರೆ ಕೊನೆಯ ದೃಶ್ಯಕ್ಕೆ ಬೆನ್ನುಮೂಳೆಯೇ ಇರುವುದಿಲ್ಲ.

ಇಷ್ಟು ಬೈದರೂ ಆ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುವವನೇ. ಕಪ್ಪುಬಿಳುಪಿನ ನೆರಳು, ಮಂಜು, ವೆಲ್ಸ್ ಕಂಠದ ಗುಡುಗು. ಗಾಥಿಕ್ ಎಂದರೆ ಏನೆಂದು ಯಾರಿಗಾದರೂ ಹತ್ತು ನಿಮಿಷದಲ್ಲಿ ತೋರಿಸಬೇಕಾದರೆ ಇದನ್ನೇ ಹಾಕಬೇಕು. ಫಾಂಟೇನ್‌ರ ಜೇನ್ ಮಾತ್ರ ತಲೆ ತಗ್ಗಿಸಿಕೊಂಡೇ ಇರುತ್ತಾಳೆ. ಅದೇ ಚಿತ್ರದಲ್ಲಿ ಬಾಲ್ಯದ ಜೇನ್ ಆಗಿರುವ ಪೆಗಿ ಆನ್ ಗಾರ್ನರ್‌ಳ ಕಣ್ಣಿನ ಕಿಡಿ ದೊಡ್ಡವಳಾಗುವಾಗ ಎಲ್ಲಿ ಹೋಯಿತು ಎಂದು ಕೇಳಬೇಕೆನಿಸುತ್ತದೆ.

ಇಲ್ಲಿ ಒಂದು ನಿಜವಾದ ಕಷ್ಟವಿದೆ, ಅದು ಯಾವ ನಿರ್ದೇಶಕರ ತಪ್ಪೂ ಅಲ್ಲ. ಕಾದಂಬರಿ ‘ನಾನು’ ಎಂದು ಹೇಳಿದ ಕಥೆ. ಮದುವೆಯಾಗಿ ಹತ್ತು ವರ್ಷ ಕಳೆದ ಹೆಂಗಸು ಹಿಂತಿರುಗಿ ನೋಡಿ, ಓದುಗನನ್ನು ನೇರ ಕರೆದು ಮಾತಾಡುತ್ತಾಳೆ. ಜೇನ್ ಜನರ ಎದುರು ಮೌನಿ. ಒಳಗೆ ಮಾತ್ರ ಕುದಿಯುತ್ತಿರುತ್ತಾಳೆ. ಹನ್ನೆರಡನೇ ಅಧ್ಯಾಯದಲ್ಲಿ ಮನೆಯ ಚಾವಣಿ ಹತ್ತಿ ನಿಂತು, ಹೆಂಗಸರಿಗೂ ಗಂಡಸರಷ್ಟೇ ತಳಮಳವಿದೆ, ಅವರನ್ನು ಕಡುಬು ಬೇಯಿಸುವುದಕ್ಕೂ ಕಾಲುಚೀಲ ಹೆಣೆಯುವುದಕ್ಕೂ ಕಟ್ಟಿಹಾಕುವುದು ಸಣ್ಣತನ ಎಂದು ಅವಳು ಯೋಚಿಸುತ್ತಾಳೆ. ಯಾರಿಗೂ ಹೇಳುವುದಿಲ್ಲ. ಕ್ಯಾಮೆರಾ ಹೊರಗಿನಿಂದ ನೋಡಿದಾಗ ಕಾಣುವುದು ಸುಮ್ಮನೆ ನಿಂತ ಹುಡುಗಿ. ಒಳಗಿನ ಕುದಿತವನ್ನು ಹೊರಗೆ ತರುವುದು ಹೇಗೆ?

ಬಿಬಿಸಿಯ 1973ರ ಧಾರಾವಾಹಿ ಸೋರ್ಕಾ ಕ್ಯೂಸ್ಯಾಕ್‌ರ ಹಿನ್ನೆಲೆ ದನಿಯನ್ನೇ ನೆಚ್ಚಿಕೊಂಡಿತು. ಪುಸ್ತಕದ ರುಚಿ ಸಿಗುತ್ತದೆ, ಕೆಲವೊಮ್ಮೆ ರೇಡಿಯೊ ನಾಟಕದಂತಾಗುತ್ತದೆ. ಅದೇ ಬಿಬಿಸಿ 1983ರಲ್ಲಿ ಅರ್ಧ ಗಂಟೆಯ 11 ಕಂತು ಮಾಡಿತು. ಜೆಲಾ ಕ್ಲಾರ್ಕ್ ಜೇನ್, ಟಿಮೊಥಿ ಡಾಲ್ಟನ್ ರೋಚೆಸ್ಟರ್. ಸಮಯ ಧಾರಾಳವಾಗಿದ್ದುದರಿಂದ ಬ್ರಾಂಟೆಯ ಸಂಭಾಷಣೆಯನ್ನು ಹೆಚ್ಚುಕಡಿಮೆ ಹಾಗೆಯೇ ಆಡಿಸಿದರು. ಸ್ಟುಡಿಯೊ ಸೆಟ್ಟುಗಳು ಇವತ್ತಿನ ಕಣ್ಣಿಗೆ ರಂಗಮಂಚದಂತೆ ಕಾಣುತ್ತವೆ, ನಿಜ. ಆದರೆ ಇವರಿಬ್ಬರ ಪ್ರೀತಿ ಮಾತಿನ ಚಕಮಕಿಯಲ್ಲಿ ಹುಟ್ಟಿದ್ದು. ಆ ಮಾತನ್ನು ಉಳಿಸಿಕೊಂಡವರು ಇವರೇ. 2006ರ ನಾಲ್ಕು ಕಂತಿನ ಬಿಬಿಸಿ ಧಾರಾವಾಹಿ (ನಿರ್ದೇಶನ ಸುಸಾನಾ ವೈಟ್, ಚಿತ್ರಕಥೆ ಸ್ಯಾಂಡಿ ವೆಲ್ಚ್) ಹಿನ್ನೆಲೆ ದನಿಯ ಬದಲು ರೂತ್ ವಿಲ್ಸನ್‌ರ ಮುಖವನ್ನು ನಂಬಿತು. ಆ ಮುಖ ಸುಮ್ಮನಿರುವಾಗಲೂ ಏನೋ ವಾದಿಸುತ್ತಿರುತ್ತದೆ.

ರೂಪದ ಮಾತು ಬಂದದ್ದರಿಂದ ಒಂದು ಸಣ್ಣ ತಕರಾರು. ನಾಯಕಿ ಎಂದರೆ ಸುಂದರಿಯಾಗಿರಲೇಬೇಕು ಎನ್ನುತ್ತಿದ್ದ ತಂಗಿಯರಿಗೆ, ನನ್ನಷ್ಟೇ ಸಾದಾ, ನನ್ನಷ್ಟೇ ಕುಳ್ಳಿ ನಾಯಕಿಯನ್ನು ತೋರಿಸುತ್ತೇನೆ ಎಂದು ಬ್ರಾಂಟೆ ಹೇಳಿದರೆಂಬ ಪ್ರಸಂಗ ಎಲಿಜಬೆತ್ ಗ್ಯಾಸ್ಕೆಲ್ ಬರೆದ ಜೀವನಚರಿತ್ರೆಯಲ್ಲಿ ಬರುತ್ತದೆ. ಕಾದಂಬರಿಯಲ್ಲಿ ರೋಚೆಸ್ಟರ್ ಕೂಡ ಚೆಲುವನಲ್ಲ. ನಾನು ಚೆನ್ನಾಗಿದ್ದೇನೆಯೇ ಎಂದು ಅವನು ಕೇಳಿದಾಗ ಜೇನ್ ತಟ್ಟನೆ ‘ಇಲ್ಲ ಸರ್’ ಎನ್ನುತ್ತಾಳೆ. ಇದೇ ಮಾತನ್ನು ಡಾಲ್ಟನ್ ಮುಖಕ್ಕೆ ಹೇಳಿದಾಗ ನೋಡುವವರು ನಗುತ್ತಾರೆ. ಆತ ಮುಂದೆ ಜೇಮ್ಸ್ ಬಾಂಡ್ ಆದವರು. 2011ರ ಮೈಕಲ್ ಫಾಸ್‌ಬೆಂಡರ್‌ಗೆ ಹೇಳುವಾಗಲೂ ಅದೇ ಕಥೆ. ವಯಸ್ಸಿನದ್ದೂ ಹಾಗೆಯೇ. ಇಪ್ಪತ್ತು ವರ್ಷದ ಅಂತರ ಬೇಕಾದ ಕಡೆ ವೆಲ್ಸ್ 1915ರಲ್ಲಿ, ಫಾಂಟೇನ್ 1917ರಲ್ಲಿ ಹುಟ್ಟಿದವರು. 1970ರ ಚಿತ್ರದ ಜಾರ್ಜ್ ಸಿ. ಸ್ಕಾಟ್ ವಯಸ್ಸಿಗೆ ಒಪ್ಪುತ್ತಾರೆ, ಆದರೆ ಅಲ್ಲಿ ಜೇನ್ ಆದ ಸುಸಾನಾ ಯಾರ್ಕ್ ಮೂವತ್ತು ದಾಟಿದ್ದ ಚೆಲುವೆ. ಜೇನ್‌ಗೆ ಬೇಕಾದ ಹದಿಹರೆಯದ ಹಸಿತನ ನಿಜವಾಗಿ ಇದ್ದದ್ದು 2011ರ ಮಿಯಾ ವಾಸಿಕೋವ್ಸ್ಕಾರಲ್ಲಿ; ಚಿತ್ರೀಕರಣದ ಹೊತ್ತಿಗೆ ಅವರಿಗೆ ಸುಮಾರು ಇಪ್ಪತ್ತು.

ರೋಚೆಸ್ಟರ್‌ನನ್ನು ಸಿನಿಮಾ ಚೆಲುವನನ್ನಾಗಿ ಮಾಡುವುದರ ಜೊತೆಗೆ ಒಳ್ಳೆಯವನನ್ನಾಗಿಯೂ ಮಾಡುತ್ತದೆ. ಕಾದಂಬರಿಯಲ್ಲಿ ಅವನು ಶಕುನ ಹೇಳುವ ಜಿಪ್ಸಿ ಮುದುಕಿಯ ವೇಷ ಹಾಕಿ, ಮನೆಗೆ ಬಂದ ನೆಂಟರನ್ನೂ ಜೇನ್‌ಳನ್ನೂ ಮೋಸಗೊಳಿಸಿ ಅವರ ಮನಸ್ಸಿನ ಗುಟ್ಟು ಕೀಳುತ್ತಾನೆ. ತೆರೆಯ ಮೇಲೆ ಇದು ನಗೆಪಾಟಲಾಗುತ್ತದೆಂಬ ಭಯ ಎಲ್ಲರಿಗೂ. 1943ರವರು ಬಿಟ್ಟರು, 2011ರವರೂ ಬಿಟ್ಟರು. 2006ರಲ್ಲಿ ಅವನು ನಿಜವಾದ ಜಿಪ್ಸಿ ಹೆಂಗಸಿಗೆ ದುಡ್ಡು ಕೊಟ್ಟು ಕೂರಿಸಿ ತಾನು ಮರೆಯಲ್ಲಿ ಕೇಳಿಸಿಕೊಳ್ಳುತ್ತಾನೆ. ಧೈರ್ಯ ಮಾಡಿ ಡಾಲ್ಟನ್‌ಗೆ ಮುಸುಕು ಹಾಕಿಸಿದ್ದು 1983ರವರು. ನಗು ಬಂದರೆ ಬರಲಿ. ಆ ಆಟ ಮುಖ್ಯ. ಇನ್ನೊಬ್ಬರ ಒಳಗನ್ನು ಬಗೆಯುತ್ತ ತನ್ನ ಗುಟ್ಟನ್ನು ಮಾತ್ರ ಬೀಗ ಹಾಕಿಟ್ಟ ಮನುಷ್ಯ ಇವನು ಎಂದು ಅದು ಮೊದಲೇ ಹೇಳಿಬಿಡುತ್ತದೆ.

ಬೀಗ ಯಾಕೆ ಬೇಕಾಯಿತು ಎಂದು ಇವತ್ತಿನ ಪ್ರೇಕ್ಷಕರು ಕೇಳುತ್ತಾರೆ. ವಿಚ್ಛೇದನ ಕೊಟ್ಟು ಮುಗಿಸಬಹುದಿತ್ತಲ್ಲ? ಆಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1857ರ ಕಾಯಿದೆ ಬರುವವರೆಗೆ ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಖಾಸಗಿ ಕಾಯಿದೆಯೇ ಪಾಸಾಗಬೇಕಿತ್ತು. ಹೆಂಡತಿಯ ಹುಚ್ಚು ವಿಚ್ಛೇದನಕ್ಕೆ ಕಾರಣವಾಗಿ ಅಲ್ಲಿನ ಕಾನೂನಿಗೆ ಸೇರಿದ್ದು 1937ರ ಕಾಯಿದೆಯಿಂದ. ಅಲ್ಲಿಯವರೆಗೆ ಮತಿಗೆಟ್ಟವಳ ಗಂಡ ಸಾಯುವವರೆಗೂ ಗಂಡನೇ. ಇದಕ್ಕೆ ಜೀವಂತ ಸಾಕ್ಷಿ ಲಂಡನ್ನಿನಲ್ಲೇ ಇತ್ತು. ಬ್ರಾಂಟೆ ತಮ್ಮ ಎರಡನೇ ಆವೃತ್ತಿಯನ್ನು ಮೆಚ್ಚಿನ ಲೇಖಕ ಠ್ಯಾಕರೆಗೆ ಅರ್ಪಿಸಿದರು. ಠ್ಯಾಕರೆಯ ಹೆಂಡತಿಗೂ ಮತಿಭ್ರಮಣೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು. ಈ ಕರರ್ ಬೆಲ್ ಠ್ಯಾಕರೆಯ ಮನೆಯಲ್ಲಿದ್ದ ಗವರ್ನೆಸ್ ಇರಬೇಕು ಎಂದು ಜನ ಗುಸುಗುಸು ಶುರುಮಾಡಿದರು.

ಈ ಕಾನೂನಿನ ಗಂಟೇ ಕಥೆಯ ಗಂಟು. ಅದನ್ನು ಭಾರತಕ್ಕೆ ತಂದಾಗ ಏನಾಗುತ್ತದೆ ನೋಡಿ. ದಿಲೀಪ್ ಕುಮಾರ್, ಮಧುಬಾಲಾ ನಟಿಸಿದ ಹಿಂದಿಯ ‘ಸಂಗ್‌ದಿಲ್’ 1952ರದು. ಮುಂಬೈ, ಮದ್ರಾಸಿನಂಥ ಕೆಲವು ಪ್ರಾಂತ್ಯಗಳು ಮೊದಲೇ ತಡೆ ಹಾಕಿದ್ದರೂ, ಹಿಂದೂ ಗಂಡಸು ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು ದೇಶಕ್ಕೆಲ್ಲ ಅಪರಾಧವಾದದ್ದು 1955ರ ಹಿಂದೂ ವಿವಾಹ ಕಾಯಿದೆಯಿಂದ. ಅದೇ ಕಾಯಿದೆ ವಾಸಿಯಾಗದ ಮತಿವಿಕಲತೆಯನ್ನು ವಿಚ್ಛೇದನದ ಕಾರಣಗಳಲ್ಲಿ ಸೇರಿಸಿತು. ಅಂದರೆ ಕಾಯಿದೆಗೆ ಮುಂಚೆ ನಮ್ಮ ರೋಚೆಸ್ಟರ್‌ಗೆ ಬಹಳ ಕಡೆ ಎರಡನೇ ಮದುವೆಗೆ ಅಡ್ಡಿಯಿಲ್ಲ, ಆಮೇಲೆ ಬಿಡುಗಡೆಗೆ ದಾರಿಯಿದೆ. ಚರ್ಚಿನಲ್ಲಿ ವಕೀಲ ಎದ್ದು ನಿಲ್ಲುವ ದೃಶ್ಯಕ್ಕೆ ಇಲ್ಲಿ ಅದೇ ಪೆಟ್ಟು ಇರಲಾರದು. ನಮ್ಮಲ್ಲಿ ಆ ಗಂಟನ್ನು ಕಟ್ಟಬೇಕಾದದ್ದು ಮನೆತನದ ಮರ್ಯಾದೆ, ಕರುಣೆ, ತ್ಯಾಗ.

ಕನ್ನಡಕ್ಕೂ ಜೇನ್ ಬಂದಿದ್ದಾಳೆ. ಕಲ್ಯಾಣ್ ಕುಮಾರ್, ಚಂದ್ರಕಲಾ ನಟಿಸಿದ 1968ರ ‘ಬೇಡಿ ಬಂದವಳು’ ಚಿತ್ರದ ಬೇರು ಈ ಕಾದಂಬರಿಯಲ್ಲಿದೆ. ಮರುವರ್ಷ ತಮಿಳಿನಲ್ಲಿ ಜೆಮಿನಿ ಗಣೇಶನ್, ಕಾಂಚನಾ ಜೋಡಿಯ ‘ಶಾಂತಿ ನಿಲಯಂ’ ಬಂತು. ಅದರ ಛಾಯಾಗ್ರಹಣಕ್ಕೆ ಮಾರ್ಕಸ್ ಬಾರ್ಟ್ಲೆಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ‘ನೀರಿನಲ್ಲಿ ಅಲೆಯ ಉಂಗುರ’ ಎಂದು ಗುನುಗುವ ಎಷ್ಟೋ ಮಂದಿಗೆ ಆ ಹಾಡಿನ ಸಿನಿಮಾದ ಹಿಂದೆ ಯಾರ್ಕ್‌ಷೈರಿನ ಪಾದ್ರಿಯ ಮಗಳಾದ ಬ್ರಾಂಟೆ ಇದ್ದಾರೆ ಎಂದು ಗೊತ್ತಿರಲಾರದು.

ಈಗ ಅಟ್ಟದವಳು. ಬರ್ಥಾ ಜಮೈಕಾದ ಸ್ಪ್ಯಾನಿಶ್ ಟೌನಿನವಳು, 30,000 ಪೌಂಡ್ ವರದಕ್ಷಿಣೆಯೊಂದಿಗೆ ಬಂದವಳು. ಜಮೈಕಾದ ತೋಟದೊಡೆಯರ ದುಡ್ಡು ಎಂದರೆ ಗುಲಾಮರ ಬೆವರಿನ ದುಡ್ಡು. ಬ್ರಾಂಟೆ ಇದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಬರ್ಥಾಳನ್ನು ನಾಲ್ಕು ಕಾಲಲ್ಲಿ ಓಡಾಡುವ ಪ್ರಾಣಿಯಂತೆ ವರ್ಣಿಸಿ ಮುಂದೆ ಹೋಗುತ್ತಾರೆ. ಈ ಮೌನಕ್ಕೆ ಉತ್ತರ ಕೊಟ್ಟವರು ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಲೇಖಕಿ ಜೀನ್ ರೀಸ್. 1966ರ ‘ವೈಡ್ ಸಾರ್ಗಾಸೊ ಸೀ’ ಕಾದಂಬರಿಯಲ್ಲಿ ಅವರು ಬರ್ಥಾಳಿಗೆ ಬಾಲ್ಯ ಕೊಟ್ಟರು, ಊರು ಕೊಟ್ಟರು, ಆಂಟೊನೆಟ್ ಎಂಬ ಸ್ವಂತ ಹೆಸರನ್ನೂ ಕೊಟ್ಟರು. ಅದು 1993ರಲ್ಲಿ ಸಿನಿಮಾ ಆಯಿತು, 2006ರಲ್ಲಿ ಬಿಬಿಸಿಯಲ್ಲೂ ಬಂತು. ರೀಸ್‌ರನ್ನು ಓದಿದ ಮೇಲೆ ಯಾವ ನಿರ್ದೇಶಕರಿಗೂ ಬರ್ಥಾಳನ್ನು ಬರೀ ದೆವ್ವವಾಗಿ ತೋರಿಸುವುದು ಸುಲಭವಲ್ಲ. 1943ರಲ್ಲಿ ಅವಳ ಮುಖವೇ ನಮಗೆ ಕಾಣುವುದಿಲ್ಲ. ಬಾಗಿಲು, ಕಿರುಚಾಟ, ನೆರಳು ಅಷ್ಟೇ. 2006ರಲ್ಲಿ ಗೋಪುರದ ಕಿಟಕಿಯಿಂದ ಕೆಂಪು ಬಟ್ಟೆಯೊಂದು ಹಾರಾಡುತ್ತದೆ, ಒಳಗಿರುವವಳು ಒಮ್ಮೆ ಸುಂದರಿಯಾಗಿದ್ದಳೆಂದು ಗೊತ್ತಾಗುತ್ತದೆ. ಇವೆಲ್ಲಕ್ಕಿಂತ ವಿಚಿತ್ರವಾದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ್ದು, ಅದೇ 1943ರಲ್ಲಿ ಜಾಕ್ ಟೂರ್ನರ್ ಮಾಡಿದ ‘ಐ ವಾಕ್ಡ್ ವಿತ್ ಎ ಜಾಂಬಿ’. ಹೆಸರು ಕೇಳಿ ಮೂಗು ಮುರಿಯಬೇಡಿ. ಅದು ಕಥೆಯನ್ನು ಕೆರಿಬಿಯನ್ ದ್ವೀಪಕ್ಕೇ ಕೊಂಡೊಯ್ದು, ಗವರ್ನೆಸ್ ಬದಲು ನರ್ಸ್ ಒಬ್ಬಳನ್ನು ತೋಟದ ಯಜಮಾನನ ಮನೆಗೆ ಕಳಿಸುತ್ತದೆ. ನಡೆದಾಡಿದರೂ ಪ್ರಜ್ಞೆಯಿಲ್ಲದ ಹೆಂಡತಿ ಅಲ್ಲಿದ್ದಾಳೆ, ಗುಲಾಮಗಿರಿಯ ನೆನಪು ಮನೆಯಂಗಳದಲ್ಲೇ ನಿಂತಿದೆ.

ಸಿನಿಮಾಗಳಿಂದ ಬಿಟ್ಟುಹೋಗುವ ಇನ್ನೊಬ್ಬನೆಂದರೆ ಸೇಂಟ್ ಜಾನ್. ಅವನನ್ನು ಬಿಡುವುದು ನಮಗೆ ಇನ್ನೂ ನಷ್ಟ, ಯಾಕೆಂದರೆ ಅವನು ಹೊರಟಿರುವುದು ಭಾರತಕ್ಕೆ. ಮಿಷನರಿಯಾಗಲು ಹಿಂದೂಸ್ತಾನಿ ಕಲಿಯುತ್ತಿರುತ್ತಾನೆ. ಜೇನ್ ಕಲಿಯುತ್ತಿದ್ದ ಜರ್ಮನ್ ಬಿಡಿಸಿ ಅವಳಿಗೂ ಹಿಂದೂಸ್ತಾನಿ ಕಲಿಸುತ್ತಾನೆ. ಆಮೇಲೆ ಮದುವೆಯಾಗಿ ಜೊತೆಗೆ ಬಾ ಎನ್ನುತ್ತಾನೆ. ಪ್ರೀತಿ ಇದೆ ಎಂದಲ್ಲ, ನೀನು ದುಡಿಮೆಗೆ ಹುಟ್ಟಿದವಳು ಎಂದು! ತಂಗಿಯಾಗಿ ಬರುತ್ತೇನೆ, ಹೆಂಡತಿಯಾಗಿ ಅಲ್ಲ ಎನ್ನುತ್ತಾಳೆ ಜೇನ್. ರೋಚೆಸ್ಟರ್ ಕೇಳಿದ್ದು ಮದುವೆಯಿಲ್ಲದ ಪ್ರೀತಿ, ಇವನು ಕೇಳುವುದು ಪ್ರೀತಿಯಿಲ್ಲದ ಮದುವೆ. ಎರಡೂ ಬೇಡ ಎಂದವಳ ಕಥೆ ಇದು. ಒಂದನ್ನು ತೆಗೆದರೆ ತಕ್ಕಡಿಯ ಒಂದು ತಟ್ಟೆಯೇ ಹೋದಂತೆ. ಇಡೀ ಕಾದಂಬರಿಯ ಕೊನೆಯ ಮಾತುಗಳೂ ರೋಚೆಸ್ಟರ್ ಬಗ್ಗೆ ಅಲ್ಲ, ಭಾರತದಲ್ಲಿ ಸಾವಿನ ಹೊಸ್ತಿಲಲ್ಲಿರುವ ಸೇಂಟ್ ಜಾನ್ ಬಗ್ಗೆ. ಪ್ರೇಮಕಥೆ ಮಾಡಹೊರಟವರಿಗೆ ಅಲ್ಲಿಗೆ ಮುಗಿಸುವ ಮನಸ್ಸು ಬರುವುದು ಕಷ್ಟ.

1996ರ ಫ್ರಾಂಕೊ ಜೆಫಿರೆಲ್ಲಿ ಚಿತ್ರದಲ್ಲಿ (ಶಾರ್ಲಟ್ ಗೇನ್ಸ್‌ಬರ್ಗ್, ವಿಲಿಯಂ ಹರ್ಟ್) ಅವಸರ ಎಷ್ಟೆಂದರೆ, ಜೇನ್ ಗಾಡಿಯಲ್ಲಿ ಹೊರಡುತ್ತಿರುವಾಗಲೇ ಇತ್ತ ಮನೆಗೆ ಬೆಂಕಿ ಬೀಳುತ್ತದೆ. ಗೇನ್ಸ್‌ಬರ್ಗ್‌ರ ಮೌನಕ್ಕೆ ತೂಕವಿತ್ತು. ಅದನ್ನು ಬಳಸಿಕೊಳ್ಳಲು ಚಿತ್ರಕ್ಕೆ ವ್ಯವಧಾನ ಇರಲಿಲ್ಲ.

ಈ ಕಗ್ಗಂಟನ್ನು ಬಿಡಿಸಿದ್ದು 2011ರಲ್ಲಿ ಕ್ಯಾರಿ ಜೋಜಿ ಫುಕುನಾಗ, ಅದೂ ಚಿತ್ರಕಥೆಗಾರ್ತಿ ಮೊಯ್ರಾ ಬಫಿನಿಯವರ ಒಂದು ಸರಳ ಉಪಾಯದಿಂದ. ಕಥೆಯನ್ನು ನಡುವಿನಿಂದ ಶುರುಮಾಡಿದರು. ಮೊದಲ ದೃಶ್ಯದಲ್ಲೇ ಜೇನ್ ಥಾರ್ನ್‌ಫೀಲ್ಡ್ ಬಿಟ್ಟು ಓಡುತ್ತಿದ್ದಾಳೆ. ಬಯಲು, ಮಳೆ, ಅಳು. ಯಾಕೆ ಎಂದು ನಮಗೆ ಗೊತ್ತಿಲ್ಲ. ರಿವರ್ಸ್ ಮನೆಯ ಬಾಗಿಲಲ್ಲಿ ಕುಸಿದು ಬೀಳುತ್ತಾಳೆ, ಅಲ್ಲಿಂದ ನೆನಪುಗಳು ಹಿಂದಕ್ಕೆ ಓಡುತ್ತವೆ. ಹೀಗೆ ಮಾಡಿದ್ದರಿಂದ ಬಾಲವಾಗಿದ್ದ ಎಂಟು ಅಧ್ಯಾಯಗಳು ಇಡೀ ಚಿತ್ರದ ಚೌಕಟ್ಟಾದವು. ಜೇಮಿ ಬೆಲ್‌ರ ಸೇಂಟ್ ಜಾನ್ ಮೊದಲಿಂದಲೂ ತೆರೆಯ ಮೇಲಿರುವುದರಿಂದ, ಮದುವೆಯ ಮಾತೆತ್ತುವಾಗ ಅವನು ಯಾರೋ ಹೊಸಬನಲ್ಲ. ಹಿಂದಕ್ಕೆ ನೋಡುವ ‘ನಾನು’ ಕೂಡ ಹಿನ್ನೆಲೆ ದನಿಯ ಹಂಗಿಲ್ಲದೆ ಸಿಕ್ಕಿತು. ಕ್ಯಾಮೆರಾಮನ್ ಆಡ್ರಿಯಾನೊ ಗೋಲ್ಡ್‌ಮನ್‌ರ ಮೋಂಬತ್ತಿ ಬೆಳಕು ಸೇರಿ, ಹೆದರಿಕೆಯೂ ಒಂಟಿತನವೂ ಒಂದೇ ಚೌಕಟ್ಟಿನಲ್ಲಿ ಕೂತವು. ಬಂಗಲೆ ಮಾತ್ರ ಹಳೆಯದೇ: 1996ರವರೂ 2006ರವರೂ ಥಾರ್ನ್‌ಫೀಲ್ಡ್ ಎಂದು ತೋರಿಸಿದ ಡರ್ಬಿಶೈರಿನ ಹ್ಯಾಡನ್ ಹಾಲ್. ಮೂರೂ ನೋಡಿದವರಿಗೆ ಆ ಕಲ್ಲಿನ ಮೆಟ್ಟಿಲುಗಳು ಸೋದರಮಾವನ ಮನೆಯಷ್ಟು ಪರಿಚಯವಾಗಿರುತ್ತವೆ.

2011ರದ್ದರಲ್ಲೂ ಕೊರತೆ ಇದೆ. ಎರಡು ಗಂಟೆಯಲ್ಲಿ ಮಾತಿನ ಚಕಮಕಿ ಸೊರಗಿದೆ. ಇವರಿಬ್ಬರು ಯಾವಾಗ ಪ್ರೀತಿಗೆ ಬಿದ್ದರು ಎಂದು ನೋಡುವವರು ಊಹಿಸಿಕೊಳ್ಳಬೇಕು. ಕೊನೆ ತೀರಾ ಚುಟುಕು: ಮರದಡಿ ಗಡ್ಡ ಬಿಟ್ಟು ಕೂತ ಕುರುಡ ರೋಚೆಸ್ಟರ್, ಒಂದೆರಡು ಮಾತು, ಮುಗಿಯಿತು. ಆದ್ದರಿಂದ ಒಂದೇ ಸಂಜೆ ಇರುವವರಿಗೆ 2011. ನಾಲ್ಕು ಸಂಜೆ ಇರುವವರಿಗೆ ರೂತ್ ವಿಲ್ಸನ್‌ರ 2006, ಮೊದಲ ಸಲ ನೋಡುವವರಿಗೆ ನಾನು ಹೇಳುವುದೂ ಅದನ್ನೇ. ಪುಸ್ತಕ ಓದಿ ಮುಗಿಸಿ, ಆ ಮಾತುಗಳನ್ನು ಕಿವಿಯಾರೆ ಕೇಳಬೇಕು ಅನ್ನಿಸಿದವರು 1983ರ ಸೆಟ್ಟುಗಳನ್ನು ಸಹಿಸಿಕೊಂಡು ಕೂರಲಿ. 1943ರದ್ದನ್ನು ದೀಪ ಆರಿಸಿ, ಪುಸ್ತಕ ಮರೆತು ನೋಡಿ.